ಮರಳಲ್ಲಿ ಹೂತ ಬಿದಿರು, ಚರ್ಚಿನಲ್ಲಿ ಹಾಡಿತು

ಬಿದಿರು ತಂದು ಚಪ್ಪರ ಹಾಕಿದವರಿಗೆ ಕುಟ್ಟೆ ಹುಳದ ಕಾಟ ಗೊತ್ತು. ಒಳಗೊಳಗೇ ಕೊರೆಯುತ್ತದೆ, ನೆಲದ ಮೇಲೆ ಸಣ್ಣ ಹುಡಿ ಉದುರುತ್ತಾ ಹೋಗುತ್ತದೆ. 1816ರಲ್ಲಿ ಫಿಲಿಪ್ಪೀನ್ಸ್‌ನಲ್ಲಿದ್ದ ಸ್ಪೇನ್ ಮೂಲದ ಪಾದ್ರಿ ದಿಯೆಗೊ ಸೇರಾ ಅವರಿಗೂ ಇದೇ ಚಿಂತೆ. ಅವರು ಬಿದಿರಿನಿಂದ ಪೈಪ್ ಆರ್ಗನ್, ಅಂದರೆ ಕೊಳವೆಗಳಿಗೆ ತಿದಿಯಿಂದ ಗಾಳಿ ಊದಿ ನುಡಿಸುವ ಚರ್ಚಿನ ದೊಡ್ಡ ವಾದ್ಯ, ಕಟ್ಟಲು ಹೊರಟಿದ್ದರು.

ಊರು ಮನಿಲಾ ಹತ್ತಿರದ ಲಾಸ್ ಪಿನ್ಯಾಸ್. ಆಗ ಅದು ಮೀನು ಹಿಡಿಯುವ, ಉಪ್ಪು ಬೆಳೆಯುವ ಸಣ್ಣ ಊರು. ಕಡಿದ ಬಿದಿರನ್ನು ಸೇರಾ ಸಮುದ್ರ ದಂಡೆಯ ಮರಳಲ್ಲಿ ಹೂಳಿಸಿದರು. ಹುಳಕ್ಕೆ ಬೇಕಾಗಿರುವುದು ಬಿದಿರಿನೊಳಗಿನ ಪಿಷ್ಟ ಮತ್ತು ಸಕ್ಕರೆ. ಬಿದಿರು ನೀರಲ್ಲಿ ನೆನೆದಷ್ಟೂ ಅವು ಕರಗಿ, ಕೊಳೆತು ಹೋಗುತ್ತವೆ. ನಮ್ಮ ಹಳ್ಳಿಗಳಲ್ಲಿ ಬಿದಿರನ್ನು ಕೆರೆ ನೀರಲ್ಲಿ ಮುಳುಗಿಸಿಡುವುದೂ ಇದಕ್ಕೇ ಅಲ್ವಾ?

ಆರ್ಗನ್ ಪೂರ್ತಿ ಆಗುವಾಗ 1824 ಬಂತು. ಒಟ್ಟು 1,031 ಕೊಳವೆಗಳು, ಅದರಲ್ಲಿ 902 ಬಿದಿರಿನವು.

ಬಿದಿರಾದರೆ ನಾದ ಕೆಡುವುದಿಲ್ಲವೇ? ಇಲ್ಲ. ಕೊಳಲು ಊದಿದಾಗ ಹಾಡುವುದು ಒಳಗಿನ ಗಾಳಿ. ಆರ್ಗನ್ನಿನಲ್ಲೂ ಹಾಗೇ. ತಿದಿಯ ಗಾಳಿ ಸಣ್ಣ ಸೀಳಿನಿಂದ ತೆಳ್ಳಗೆ ನುಗ್ಗಿ, ಕೊಳವೆಯ ಬಾಯಂಚಿಗೆ ಬಡಿದು, ಒಳಗೂ ಹೊರಗೂ ತೂಗಾಡುತ್ತದೆ. ಅದರ ಲಯ ಗೊತ್ತುಮಾಡುವುದು ಮುಖ್ಯವಾಗಿ ಕೊಳವೆಯ ಉದ್ದ. ಎರಡೂ ತುದಿ ತೆರೆದ 1 ಮೀಟರ್ ಕೊಳವೆಯೊಳಗಿನ ಗಾಳಿ ಸೆಕೆಂಡಿಗೆ ಸುಮಾರು 170 ಸಲ ಕಂಪಿಸುತ್ತದೆ. ಉದ್ದ ಎರಡು ಪಟ್ಟಾದರೆ ಕಂಪನ ಅರ್ಧವಾಗಿ, ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಗೋಡೆ ಬಿದಿರಿನದೋ ತವರದ್ದೋ ಎನ್ನುವುದಕ್ಕಿಂತ ಒಳಗಿನ ಅಳತೆ, ಬಾಯಿ ಕತ್ತರಿಸಿದ ರೀತಿ ಜಾಸ್ತಿ ಮುಖ್ಯ. ಕೊಳಲಿನಲ್ಲಿ ಬೆರಳೆತ್ತಿ ಉದ್ದ ಬದಲಿಸುತ್ತೇವೆ. ಆರ್ಗನ್ನಿನಲ್ಲಿ ಪ್ರತಿ ಸ್ವರಕ್ಕೂ ಬೇರೆಯೇ ಕೊಳವೆ ಬೇಕು. ಇದು ನೂರಾರು ಕೊಳಲುಗಳ ಒಂದು ಸಂಸಾರ.

ಆರ್ಗನ್ನಿನಲ್ಲಿ ಕಹಳೆಯಂತೆ ನುಡಿಯುವ ಕೊಳವೆಗಳನ್ನು ಮಾತ್ರ ಸೇರಾ ಲೋಹದಲ್ಲೇ ಮಾಡಿಸಿದರು. ಅವು ಮುಂದಕ್ಕೆ ಅಡ್ಡಡ್ಡ ಚಾಚಿಕೊಂಡಿವೆ. ಅಲ್ಲಿ ಹಾರ್ಮೋನಿಯಂನಂತೆ ಲೋಹದ ನಾಲಿಗೆ ಅದುರುತ್ತದೆ. ಸೆಕೆ ಏರಿದರೆ ಬಿದಿರಿನ ಕೊಳವೆಗಳ ಶ್ರುತಿ ಏರುತ್ತದೆ, ಏಕೆಂದರೆ ಬಿಸಿ ಗಾಳಿಯಲ್ಲಿ ಸದ್ದು ಬೇಗ ಓಡುತ್ತದೆ. ನಾಲಿಗೆಯ ಕೊಳವೆಗಳು ಅಷ್ಟು ಏರುವುದಿಲ್ಲ. ಎರಡನ್ನೂ ಒಂದೇ ಶ್ರುತಿಯಲ್ಲಿ ಹಿಡಿದಿಡುವುದು ಶ್ರುತಿಗಾರರಿಗೆ ಮುಗಿಯದ ಕೆಲಸ.

ಭೂಕಂಪ, ಚಂಡಮಾರುತಗಳಿಗೆ ಸಿಕ್ಕು ಆರ್ಗನ್ ಸೊರಗಿತು. 1973ರಲ್ಲಿ ಅದನ್ನು ಬಿಚ್ಚಿ ಜರ್ಮನಿಯ ಬಾನ್ ನಗರಕ್ಕೆ, ಕ್ಲೈಸ್ ಎಂಬ ಆರ್ಗನ್ ತಯಾರಕರ ಬಳಿಗೆ ಕಳಿಸಿದರು. ಅಲ್ಲಿನ ಒಣ ಗಾಳಿಗೆ ಬಿದಿರು ಸೀಳಿಬಿಟ್ಟರೆ? ಅದಕ್ಕಾಗಿ ಫಿಲಿಪ್ಪೀನ್ಸ್‌ನ ಸೆಕೆ, ತೇವ ಎರಡನ್ನೂ ಒಂದು ಕೋಣೆಯಲ್ಲಿ ಸೃಷ್ಟಿಸಿದರು. ಈ ಕಾಳಜಿ ನನಗೆ ತುಂಬಾ ಹಿಡಿಸುತ್ತದೆ. ಚಳಿಯ ದೇಶದಲ್ಲಿ ಬಿದಿರಿಗೋಸ್ಕರ ಒಂದು ಕೋಣೆ ಬೆವರುತ್ತಿತ್ತು!

1975ರಲ್ಲಿ ಆರ್ಗನ್ ತನ್ನ ಚರ್ಚಿಗೆ ಮರಳಿತು. ಮರುವರ್ಷ ಅಲ್ಲಿ ಬಿದಿರು ಆರ್ಗನ್ ಉತ್ಸವ ಶುರುವಾಯಿತು.