ಉದ್ದದ ಗೂಡ್ಸ್ ಬೇಕೆ? ಮೊದಲು ತಿರುವು ನೋಡಿ

ಮಾಡೆಲ್ ರೈಲು ಶುರು ಮಾಡುವವರ ಮೊದಲ ಪ್ರಶ್ನೆ, "ಯಾವ ಇಂಜಿನ್ ತಗೊಳ್ಳಲಿ?" ಉದ್ದದ ಗೂಡ್ಸ್ ಓಡಿಸುವ ಆಸೆ ಇದ್ದರಂತೂ ಇನ್ನೂ ಜೋರಾದ ಇಂಜಿನ್ ಹುಡುಕುತ್ತಾರೆ. ಇದು ತಲೆಕೆಳಗಾದ ಲೆಕ್ಕ. ಎಳೆತ ಜಾಸ್ತಿಯಾದಷ್ಟೂ ರೈಲು ತಿರುವಿನಲ್ಲಿ ಮಗುಚುವ ಅಪಾಯ ಜಾಸ್ತಿ. ಮೊದಲು ತೀರ್ಮಾನವಾಗಬೇಕಾದ್ದು ತಿರುವಿನ ಅಗಲ, ಅಂದರೆ ಅದರ ತ್ರಿಜ್ಯ.

ಕಲ್ಲಿದ್ದಲು, ಅದಿರು ತುಂಬುವ ಬಾಕ್ಸ್‌ಎನ್ ವ್ಯಾಗನ್ ಸುಮಾರು 10.7 ಮೀಟರ್ ಉದ್ದ. ಉದ್ದದ ಗೂಡ್ಸ್‌ಗೆ 58 ವ್ಯಾಗನ್ ಸೇರಿಸಿದರೆ 620 ಮೀಟರ್. ಎಚ್‌ಒ ಅಳತೆಯಲ್ಲಿ, ಅಂದರೆ 87ರಲ್ಲಿ ಒಂದು ಪಾಲಿಗೆ ಇಳಿಸಿದರೂ 7 ಮೀಟರ್ ದಾಟುತ್ತದೆ. 10 ಅಡಿ–12 ಅಡಿ ಕೋಣೆಯಲ್ಲಿ ಅದು ಎರಡು ಗೋಡೆ ಮುಗಿಸಿ ಮೂರನೆಯದಕ್ಕೆ ಹೊರಳುತ್ತದೆ. 160ರಲ್ಲಿ ಒಂದು ಪಾಲಿನ ಎನ್ ಅಳತೆಯಲ್ಲಾದರೆ 4 ಮೀಟರ್ ಒಳಗೇ ಮುಗಿಯುತ್ತದೆ. ಜಾಗ ಕಮ್ಮಿ ಇದ್ದವರಿಗೆ ಎನ್ ಒಳ್ಳೆಯದು. ನಾನು ಇಲ್ಲಿ ಎಚ್‌ಒ ಲೆಕ್ಕವನ್ನೇ ಹಿಡಿಯುತ್ತೇನೆ.

ಉಡುಪಿಯ ರಥಬೀದಿಯಲ್ಲಿ ತೇರು ಎಳೆಯುವಾಗ ಮೂಲೆಯಲ್ಲಿ ಹಗ್ಗ ಹಿಡಿದವರನ್ನು ಗಮನಿಸಿ. ಹಗ್ಗ ಬಿಗಿಯಾದ ಕೂಡಲೇ ನೆಟ್ಟಗಾಗಲು ನೋಡುತ್ತದೆ. ಮೂಲೆಯಲ್ಲಿದ್ದವರನ್ನು ಒಳಬದಿಗೆ ಜಗ್ಗುತ್ತದೆ. ಮುಂದಿನವರು ಎಳೆಯುವುದು ಮುಂದಕ್ಕೆ, ಹಿಂದಿನ ತೇರು ಜಗ್ಗುವುದು ಹಿಂದಕ್ಕೆ. ನಡುವೆ ಸಿಕ್ಕವರು ಹೋಗುವುದು ಒಳಕ್ಕೆ! ರೈಲಿನಲ್ಲಿ ಆ ನಡುವಿನವರೇ ವ್ಯಾಗನ್‌ಗಳು.

ಎಷ್ಟು ಜಗ್ಗುತ್ತದೆ? ವ್ಯಾಗನ್ ಉದ್ದವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿ. ಎಳೆತದಲ್ಲಿ ಅಷ್ಟು ಪಾಲು ಒಳಕ್ಕೆ ತಿರುಗುತ್ತದೆ. ಅಮೆರಿಕದ ಮಾಡೆಲ್ ರೈಲು ಸಂಘ ಎನ್‌ಎಂಆರ್‌ಎ ಹೇಳುವ ಸೂತ್ರದಂತೆ ಈ ಅಳತೆಯ ವ್ಯಾಗನ್ ಸುಮಾರು 97 ಗ್ರಾಂ ತೂಗಬೇಕು. 58ಕ್ಕೆ ಐದೂವರೆ ಕಿಲೋ ದಾಟಿತು. 50ಕ್ಕೆ 1ರ ಏರಿನಲ್ಲಿ, ಅಂದರೆ 50 ಅಡಿ ಸಾಗಿದರೆ 1 ಅಡಿ ಏರುವಲ್ಲಿ, ಬರೀ ಭಾರಕ್ಕೇ 112 ಗ್ರಾಂ ತೂಕದಷ್ಟು ಎಳೆತ ಬೇಕು. ಒಂದೂವರೆ ಅಡಿ ತ್ರಿಜ್ಯದ ತಿರುವಿನಲ್ಲಿ ಅದರಲ್ಲಿ ಸುಮಾರು 30 ಗ್ರಾಂ ಒಳಕ್ಕೆ ಜಗ್ಗುತ್ತದೆ. 97 ಗ್ರಾಂ ವ್ಯಾಗನ್ ಇದನ್ನು ತಡೆದುಕೊಳ್ಳುತ್ತದೆ. ಆದರೆ ಇಂಜಿನ್ ಹಿಂದೆಯೇ 40 ಗ್ರಾಂನ ಖಾಲಿ ಪ್ಲಾಸ್ಟಿಕ್ ವ್ಯಾಗನ್ ಸಿಕ್ಕಿಸಿದ್ದರೆ? ಅದನ್ನು ಮಗುಚಲು 33 ಗ್ರಾಂ ಸಾಕು. ಚಕ್ರಗಳ ತಿಕ್ಕಾಟ ಸೇರಿದರೆ ಅಷ್ಟು ಆಗಿಯೇ ಆಗುತ್ತದೆ. ತ್ರಿಜ್ಯ ಮೂರು ಅಡಿ ಮಾಡಿ, ಒಳಜಗ್ಗು ಅರ್ಧಕ್ಕೆ ಇಳಿಯುತ್ತದೆ. ಇಂಜಿನ್ ಬದಲಿಸಿ ಈ ಲಾಭ ಪಡೆಯಲು ಸಾಧ್ಯವೇ ಇಲ್ಲ.

ದೊಡ್ಡ ರೈಲು ಕಟ್ಟಿದವರಿಗೂ ಇದೇ ಚಿಂತೆ. 1998ರಲ್ಲಿ ಪೂರ್ತಿ ತೆರೆದ ಕೊಂಕಣ ರೈಲ್ವೆಯಲ್ಲಿ 1250 ಮೀಟರ್‌ಗಿಂತ ಬಿಗಿಯಾದ ತಿರುವು ಬೇಡ, 150ಕ್ಕೆ 1ಕ್ಕಿಂತ ಕಡಿದಾದ ಏರು ಬೇಡ ಎಂದು ನಿರ್ಧರಿಸಿದರು. ಅದಕ್ಕಾಗಿಯೇ ಅಷ್ಟೊಂದು ಸುರಂಗ, ಅಷ್ಟೊಂದು ಸೇತುವೆ. ಸುರತ್ಕಲ್‌ನಿಂದ ಲಾರಿ ಹೊತ್ತ ರೋರೋ ರೈಲು ಉಡುಪಿ ದಾಟಿ ಸಲೀಸಾಗಿ ಸಾಗುವುದರ ಗುಟ್ಟು ಅದೇ. 1250 ಮೀಟರನ್ನು ಎಚ್‌ಒಗೆ ಇಳಿಸಿದರೆ 14 ಮೀಟರ್ ತ್ರಿಜ್ಯ! ಮನೆಯೊಳಗೆ ಅದು ಆಗದ ಮಾತು.

ಅತ್ತ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 50ಕ್ಕೆ 1ರ ಏರು. ಅಲ್ಲಿ ಗೂಡ್ಸ್‌ಗೆ ಹಿಂದಿನಿಂದ ಬ್ಯಾಂಕರ್ ಇಂಜಿನ್ ಕೊಡುತ್ತಾರೆ. ಅದು ಒಂದಷ್ಟು ಭಾರವನ್ನು ತಳ್ಳುವುದರಿಂದ ಮುಂದಿನ ಕೊಂಡಿಗಳ ಮೇಲಿನ ಎಳೆತ ಇಳಿಯುತ್ತದೆ. ನಮ್ಮ ಮೇಜಿನ ಮೇಲೂ ಇದು ಚೆನ್ನಾಗಿ ನಡೆಯುತ್ತದೆ. ಎರಡೂ ಇಂಜಿನ್‌ಗಳ ವೇಗ ಮಾತ್ರ ಹೊಂದಬೇಕು. ಹಿಂದಿನದು ಜಾಸ್ತಿ ತಳ್ಳಿದರೆ ವ್ಯಾಗನ್‌ಗಳು ಹೊರಬದಿಗೆ ಹಾರುತ್ತವೆ. ಪ್ರತಿ ಇಂಜಿನ್ನನ್ನೂ ಬೇರೆಬೇರೆಯಾಗಿ ನಿಯಂತ್ರಿಸುವ ಡಿಸಿಸಿ ಎಂಬ ಡಿಜಿಟಲ್ ವ್ಯವಸ್ಥೆ ಇದ್ದರೆ ವೇಗ ಹೊಂದಿಸುವುದು ಸುಲಭ.

ಹಾಗಾದರೆ ಶುರು ಹೇಗೆ? 20 ವ್ಯಾಗನ್ ಸಾಕು, ಎರಡೂವರೆ ಮೀಟರ್ ಆಗುತ್ತದೆ. ಹಳಿಯನ್ನು ಗೋಡೆ ಬದಿಯಲ್ಲೇ ಸುತ್ತಿಸಿ, ತಿರುವಿಗೆ ಮೂರು ಅಡಿ ತ್ರಿಜ್ಯ ಕೊಡಿ. ರೈಲು ಪೂರ್ತಿ ಹಿಡಿಸುವ ಒಂದು ಲೂಪ್, ಅಂದರೆ ಪಕ್ಕದ ಹಳಿ, ಇರಲಿ, ಇಲ್ಲದಿದ್ದರೆ ಎದುರಿನಿಂದ ಬರುವ ರೈಲಿಗೆ ದಾರಿ ಬಿಡಲು ಆಗದು. ಮೊದಲ ಲೇಔಟ್, ಅಂದರೆ ಹಳಿಗಳ ಜೋಡಣೆ, ಸಪಾಟಾಗಿರಲಿ. ಒಂದು ಹಳಿ ಇನ್ನೊಂದರ ಮೇಲೆ ಹಾಯಲು ಸುಮಾರು 8 ಸೆಂಟಿಮೀಟರ್ ಎತ್ತರ ಬೇಕು, 50ಕ್ಕೆ 1ರಲ್ಲಿ ಅಷ್ಟು ಏರಲಿಕ್ಕೇ 4 ಮೀಟರ್ ಹೋಗುತ್ತದೆ.

ನಮ್ಮ ಕರಾವಳಿಗೆ ಒಂದು ಮಾತು ಬೇರೆಯೇ ಹೇಳಬೇಕು. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನೀರು ತಡೆಯುವ ಪ್ಲೈವುಡ್ ತಗೊಂಡು ಎಲ್ಲ ಅಂಚಿಗೂ ಬಣ್ಣ ಬಳಿಯಿರಿ. ಉಕ್ಕಿನ ಹಳಿ ಅಗ್ಗವೆಂದು ತರಬೇಡಿ, ಉಪ್ಪುಗಾಳಿಗೆ ಅದು ತುಕ್ಕು ಹಿಡಿಯುತ್ತದೆ. ನಿಕಲ್ ಸಿಲ್ವರ್ ಎಂಬ ಮಿಶ್ರಲೋಹದ ಹಳಿಯನ್ನೇ ಕೇಳಿ.

ಕೊನೆಗೆ ಅಡಿಗೆಮನೆಯ ತಕ್ಕಡಿ ತಂದು ಪ್ರತಿ ವ್ಯಾಗನ್ ತೂಗಿ. ಹಗುರವಾದದ್ದರ ಒಳಗೆ ಸ್ಟೀಲ್ ನಟ್ ಅಂಟಿಸಿ. ಆಮೇಲೂ ಹಗುರ ಉಳಿದದ್ದನ್ನು ರೈಲಿನ ಬಾಲಕ್ಕೆ ಹಾಕಿ. ಇಷ್ಟಾದ ಮೇಲೆ ಇಂಜಿನ್ ಅಂಗಡಿಗೆ ಹೋಗಿ.