'ಶಲ್' ಅಲ್ಲ 'ಶುಡ್': ಪ್ಯಾರಿಸ್ ಒಪ್ಪಂದವನ್ನ ತಡೆದು ನಿಲ್ಲಿಸಿದ ಒಂದು ಪದದ ಹಿಂದಿನ ಕಥೆ

2015ರ ಡಿಸೆಂಬರ್ 12, ಶನಿವಾರ. ಪ್ಯಾರಿಸ್ ಪಕ್ಕದ ಲ ಬೂರ್ಜೆಯಲ್ಲಿ ಎರಡು ವಾರದಿಂದ ಕೂತು ಮಾತಾಡ್ತಿದ್ದ 190ಕ್ಕೂ ಹೆಚ್ಚು ದೇಶಗಳ ಕೈಗೆ ಹವಾಮಾನ ಒಪ್ಪಂದದ ಕೊನೇ ಕರಡು ಬಂತು. ಇನ್ನೇನು ಮುಗೀತು ಅನ್ನೋ ಹೊತ್ತಿಗೆ ಅಮೆರಿಕದ ಸರ್ಕಾರಿ ವಕೀಲರು 4ನೇ ವಿಧಿಯ 4ನೇ ಪ್ಯಾರಾದ ಹತ್ರ ನಿಂತ್ಬಿಟ್ರು. ಮುಂದುವರಿದ ದೇಶಗಳು ಇಡೀ ಆರ್ಥಿಕತೆಗೆ ಅನ್ವಯ ಆಗೋ ಹಾಗೆ ಎಮಿಷನ್ (ಭೂಮಿ ಬಿಸಿ ಮಾಡೋ ಅನಿಲ ಹೊರಬಿಡೋದು) ಇಳಿಸೋ ಗುರಿ ಇಟ್ಕೋಬೇಕು ಅನ್ನೋ ವಾಕ್ಯ ಅದು, ಹಿಂದಿನ ಕರಡಲ್ಲಿ 'ಶುಡ್' ಅಂತಿದ್ದದ್ದು ಈಗ 'ಶಲ್' ಆಗಿತ್ತು.

ನಮ್ಮ ಕನ್ನಡದ ಕಾಯ್ದೆಗಳಲ್ಲಿ 'ಮಾಡತಕ್ಕದ್ದು' ಅಂತ ಬರುತ್ತಲ್ಲ, 'ಶಲ್' ಅಂದ್ರೆ ಅದು. ಮಾಡ್ಲೇಬೇಕು, ಕಾನೂನಿನ ಕಟ್ಟು. 'ಶುಡ್' ಅಂದ್ರೆ ಮಾಡ್ಬೇಕಾದ್ದು ಸರಿ, ಆದ್ರೆ ಆ ಕಟ್ಟು ಇಲ್ಲ. ಇದು ಬದಲಾಗದೆ ಇದ್ರೆ ಅಮೆರಿಕ ಒಪ್ಪೋಕೆ ಆಗಲ್ಲ ಅಂತ ವಿದೇಶಾಂಗ ಸಚಿವ ಜಾನ್ ಕೆರಿ ಫ್ರಾನ್ಸ್‌ನವರಿಗೆ ಹೇಳಿದ್ರು, ಸಭೆ ತಡ ಆಗ್ತಾ ಹೋಯ್ತು, ಕೊನೆಗೆ ವೇದಿಕೆ ಮೇಲಿಂದ ಕೆಲವು ಸಣ್ಣಪುಟ್ಟ ತಿದ್ದುಪಡಿ ಓದೋವಾಗ ಅದ್ರ ನಡುವೆ ಈ 'ಶುಡ್' ಕೂಡ ಓದಿ ಆಯ್ತು, ಸಭೆಯ ಅಧ್ಯಕ್ಷರಾಗಿದ್ದ ಫ್ರಾನ್ಸ್ ವಿದೇಶಾಂಗ ಸಚಿವ ಲೊರಾಂ ಫ್ಯಾಬಿಯಸ್ ಒಪ್ಪಿಗೆಯ ಸುತ್ತಿಗೆ ಬಡಿದ್ರು.

ಅಮೆರಿಕದ ತಂಡದಲ್ಲಿದ್ದ ಸೂ ಬಿನಿಯಾಜ್ ಅನ್ನೋ ವಕೀಲೆಯ ಬಗ್ಗೆ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅಲ್ಲಿನ ವಿದೇಶಾಂಗ ಇಲಾಖೆಯಲ್ಲಿ 25 ವರ್ಷಕ್ಕೂ ಹೆಚ್ಚು ಕಾಲ ಹವಾಮಾನ ಮಾತುಕತೆಯ ಮುಖ್ಯ ವಕೀಲೆ ಅವ್ರೇ. ಅಧ್ಯಕ್ಷರು ಬದಲಾದ್ರು, ಪಕ್ಷ ಬದಲಾಯ್ತು, ಆ ಕುರ್ಚಿಯಲ್ಲಿ ಅವರು ಮಾತ್ರ ಹಾಗೇ ಇದ್ರು. ಭಾಷಣ ಮಾಡೋ ಮಂತ್ರಿಗಳ ಮುಖ ಟಿವಿಯಲ್ಲಿ ಕಾಣುತ್ತೆ, ರಾತ್ರಿಯೆಲ್ಲ ಕೂತು ಬ್ರಾಕೆಟ್ ಒಳಗಿನ ಒಪ್ಪದ ಪದಗಳನ್ನ ಒಂದೊಂದೇ ಬಿಡಿಸೋರು ಕಾಣಲ್ಲ, ಆದ್ರೆ ಒಪ್ಪಂದ ಉಳಿಯೋದು ಬೀಳೋದು ಅವರ ಕೈಲೇ ಅಂತ ನನಗನ್ಸುತ್ತೆ.

ಈ ಒಂದು ಪದಕ್ಕೆ ಅಷ್ಟು ಭಯ ಯಾಕೆ ಅಂದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. ಅಮೆರಿಕದ ಸಂವಿಧಾನದ ಪ್ರಕಾರ ಟ್ರೀಟಿಗೆ, ಅಂದ್ರೆ ಬೇರೆ ದೇಶಗಳ ಜೊತೆಗಿನ ಕಾನೂನುಬದ್ಧ ಒಪ್ಪಂದಕ್ಕೆ, ಅಲ್ಲಿನ ಸಂಸತ್ತಿನ ಮೇಲ್ಮನೆ ಸೆನೆಟ್‌ನಲ್ಲಿ ಮೂರನೇ ಎರಡು ಭಾಗದ ಒಪ್ಪಿಗೆ ಬೇಕು, ಅಂದ್ರೆ ಎಲ್ಲರೂ ಹಾಜರಿದ್ರೆ 67 ಓಟು. 1992ರ ಹವಾಮಾನ ಒಪ್ಪಂದಕ್ಕೆ ಅದು ಸಿಕ್ಕಿತ್ತು, ಅದ್ರಲ್ಲಿ ಗಟ್ಟಿ ಗುರಿಗಳಿರ್ಲಿಲ್ಲ. 1997ರ ಜುಲೈನಲ್ಲಿ, ಜಪಾನಿನ ಕ್ಯೋಟೊದಲ್ಲಿ ನಡೆದ ಹವಾಮಾನ ಸಭೆಗೂ ಮುಂಚೆನೇ, ಬಡ ದೇಶಗಳಿಗೆ ಹೊಣೆ ಇಲ್ದೆ ನಮಗೆ ಮಾತ್ರ ಹೊಣೆ ಹಾಕೋ ಒಪ್ಪಂದ ಬೇಡ ಅಂತ ಸೆನೆಟ್ 95-0ರಲ್ಲಿ ನಿರ್ಣಯ ಮಾಡ್ತು. ಕ್ಯೋಟೊ ಒಪ್ಪಂದಕ್ಕೆ ಅಮೆರಿಕದ ಸಹಿ ಬಿತ್ತು, ಆದ್ರೆ ಅದನ್ನ ಸೆನೆಟ್ ಮುಂದೆ ಇಡೋಕೂ ಹೋಗ್ಲಿಲ್ಲ, 2001ರಲ್ಲಿ ಬುಷ್ ಕೈಬಿಟ್ರು. ಆಮೇಲೆ ಅಮೆರಿಕದ ವಕೀಲರು ಬರೆದದ್ದೆಲ್ಲ ಆ 67ರ ನೆರಳಲ್ಲೇ. ಪ್ಯಾರಿಸ್‌ನಲ್ಲಿ 'ಶಲ್' ಉಳಿದಿದ್ರೆ ಸೆನೆಟ್‌ಗೆ ಹೋಗ್ಲೇಬೇಕು ಅನ್ನೋ ವಾದ ಏಳ್ತಿತ್ತು, ಹೋಗಿದ್ರೆ ಸೋಲ್ತಿತ್ತು.

ಭಾರತ ಈ ಪದಗಳ ಜಗಳದಿಂದ ದೂರ ಏನಿಲ್ಲ. 2011ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ ಸಭೆಯಲ್ಲಿ ಮುಂದಿನ ಒಪ್ಪಂದ ಯಾವ ರೂಪದ್ದು ಅನ್ನೋದಕ್ಕೆ ಆಗಿನ ನಮ್ಮ ಪರಿಸರ ಸಚಿವೆ ಜಯಂತಿ ನಟರಾಜನ್ ಮತ್ತು ಯುರೋಪಿನವರು ಬೆಳಗಿನ ಜಾವ ಸಭೆ ನಡುವೆನೇ ಗುಂಪುಗೂಡಿ ವಾದ ಮಾಡಿದ್ರು, ಕಡೆಗೆ 'ಕಾನೂನು ಬಲವಿರೋ ಒಪ್ಪಿತ ಫಲಿತಾಂಶ' ಅನ್ನೋ ಅರ್ಥದ ಪದಪುಂಜ ಸೇರಿಸಿ ಮುಗಿಸಿದ್ರು. ಹಾಗೇ 1992ರ 'ಎಲ್ಲರಿಗೂ ಸೇರಿದ್ದು, ಆದರೆ ಬೇರೆ ಬೇರೆ ಮಟ್ಟದ ಹೊಣೆ' ಅನ್ನೋ ತತ್ವ ಬಿಡಲ್ಲ ಅಂತ ನಾವು, ಮುಂದುವರಿದ ದೇಶಗಳು, ಉಳಿದವು ಅಂತ ಆಗ ವಿಂಗಡಿಸಿದ ಅದೇ ಹಳೇ ಪಟ್ಟಿ ಬೇಡ ಅಂತ ಅಮೆರಿಕ. 2014ರ ನವೆಂಬರ್‌ನಲ್ಲಿ ಅಮೆರಿಕ-ಚೀನಾ ಜಂಟಿ ಹೇಳಿಕೆಯಲ್ಲಿ ಆ ತತ್ವದ ಬಾಲಕ್ಕೆ 'ಆಯಾ ದೇಶದ ಪರಿಸ್ಥಿತಿಗೆ ತಕ್ಕಂತೆ' ಅಂತ ಸೇರಿಸಿದ್ರು, ಅದೇ ಪ್ಯಾರಿಸ್‌ಗೂ ಬಂತು. ಇಬ್ರೂ ಗೆದ್ವಿ ಅಂತ ಊರಿಗೆ ಹೋಗಿ ಹೇಳಬಹುದಾದ ವಾಕ್ಯ ಕಟ್ಟೋದು ಸುಲಭದ ಕೆಲಸ ಅಲ್ಲ.

ಆದ್ರೆ ಇದೇ ಜಾಣತನ ಯಾರಿಗೋ ನೋವೂ ಕೊಟ್ಟಿದೆ. ಹವಾಮಾನದಿಂದಾಗೋ ನಷ್ಟದ ಬಗ್ಗೆ 8ನೇ ವಿಧಿ ಬಂತು, ಸಮುದ್ರ ಏರ್ತಿರೋ ದ್ವೀಪ ದೇಶಗಳು ವರ್ಷಗಟ್ಟಲೆ ಕೇಳಿದ್ದು ಅದು. ಜೊತೆಗಿನ ನಿರ್ಣಯದ 51ನೇ ಪ್ಯಾರಾದಲ್ಲಿ, ಇದು ಹೊಣೆಗಾರಿಕೆಗೂ ಪರಿಹಾರಕ್ಕೂ ಆಧಾರ ಆಗಲ್ಲ ಅಂತಲೂ ಬರೆಸಿದ್ರು. ಆ ಪ್ಯಾರಾ ಓದಿದಾಗಲೆಲ್ಲ ನಂಗೆ ಸಂಕಟ ಆಗುತ್ತೆ.

'ಶುಡ್' ಇದ್ದದ್ರಿಂದ ಪ್ಯಾರಿಸ್ ಒಪ್ಪಂದಕ್ಕೆ ಅಮೆರಿಕ ಸೆನೆಟ್ ಕೇಳದೆನೇ ಸೇರ್ತು, ಹಾಗೆ ಸೇರಿದ್ದನ್ನ ಸೆನೆಟ್ ಕೇಳದೆ ಬಿಡಲೂಬಹುದು. 28ನೇ ವಿಧಿ ಪ್ರಕಾರ ಒಪ್ಪಂದ ಜಾರಿಯಾಗಿ ಮೂರು ವರ್ಷ ನೋಟಿಸ್ ಕೊಡೋ ಹಾಗಿಲ್ಲ, ಕೊಟ್ಟ ಮೇಲೂ ಒಂದು ವರ್ಷ ಕಾಯ್ಬೇಕು. ಹಾಗಾಗಿ 2017ರಲ್ಲಿ ಟ್ರಂಪ್ ಹೊರಡ್ತೀವಿ ಅಂದ್ರೂ ಅಮೆರಿಕ ಹೊರಬಿದ್ದದ್ದು 2020ರ ನವೆಂಬರ್ 4ಕ್ಕೆ, ಅಧ್ಯಕ್ಷರ ಚುನಾವಣೆಯ ಮಾರನೇ ದಿನ. ಬೈಡನ್ ಮೊದಲ ದಿನವೇ ಸಹಿ ಹಾಕಿ, 30 ದಿನಕ್ಕೆ ವಾಪಸ್ ಸೇರಿದ್ರು. 2025ರ ಜನವರಿಯಲ್ಲಿ ಮತ್ತೆ ನೋಟಿಸ್ ಹೋಯ್ತು, ಈ ಸಲ ಆ ಮೂರು ವರ್ಷದ ತಡೆ ಇರ್ಲಿಲ್ಲ, ಬರೀ ಒಂದು ವರ್ಷ.