‘ವಲ್ನರಬಲ್’ ಎಂದರೆ ದುರ್ಬಲವೇ?

ಅನುವಾದದ ಕೆಲಸದಲ್ಲಿ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುವ ಇಂಗ್ಲಿಷ್ ಪದ ‘ವಲ್ನರಬಲ್’. ಗಾಯ ಎಂಬ ಅರ್ಥವುಳ್ಳ ‘ವಲ್ನಸ್’ ಎಂಬ ಲ್ಯಾಟಿನ್ ಪದದಿಂದ ಬಂದ ಇದರ ಮೂಲಾರ್ಥ ‘ಗಾಯಗೊಳ್ಳಬಹುದಾದ’ ಎಂದೇ ಹೊರತು, ಈಗಾಗಲೇ ಗಾಯಗೊಂಡ ಎಂದಲ್ಲ, ಶಕ್ತಿಯಿಲ್ಲದ ಎಂದೂ ಅಲ್ಲ. ಆದರೂ ಕನ್ನಡದಲ್ಲಿ ಅದನ್ನು ಹೆಚ್ಚಾಗಿ ‘ದುರ್ಬಲ’ ಎಂದು ಬರೆಯುತ್ತೇವೆ. ಮೊದಮೊದಲು ನಾನೂ ಹಾಗೆಯೇ ಬರೆಯುತ್ತಿದ್ದೆ. ಈಗ ಅದು ತಪ್ಪೆಂದು ನನಗೆ ಮನವರಿಕೆಯಾಗಿದೆ.

ಹಿಮಕರಡಿಯನ್ನು ಯಾರೂ ದುರ್ಬಲ ಪ್ರಾಣಿ ಎನ್ನಲಾರರು. ಆದರೆ ಅದು ಬೇಟೆಗೆ ನೆಚ್ಚಿಕೊಂಡಿರುವ ಸಮುದ್ರದ ಹಿಮವು ಕರಗಿ ಕುಗ್ಗುತ್ತಿರುವುದರಿಂದ, ಜೀವಿಗಳಿಗಿರುವ ಅಳಿವಿನ ಅಪಾಯವನ್ನು ಗುರುತಿಸುವ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದು ‘ವಲ್ನರಬಲ್’ ವರ್ಗಕ್ಕೆ ಸೇರಿದೆ.

ವೈದ್ಯಕೀಯ ಸಂಶೋಧನೆಯ ಸಮ್ಮತಿ ಪತ್ರಗಳಲ್ಲಿ ಈ ವ್ಯತ್ಯಾಸ ಇನ್ನೂ ಗಂಭೀರವಾಗುತ್ತದೆ. ಮನುಷ್ಯರ ಮೇಲೆ ನಡೆಸುವ ಸಂಶೋಧನೆಯ ನೈತಿಕತೆಯ ಬಗ್ಗೆ 1979ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಬೆಲ್ಮಾಂಟ್ ವರದಿಯು ವಿಶೇಷ ರಕ್ಷಣೆ ಬೇಕಾದವರ ಸಾಲಿನಲ್ಲಿ ಕೈದಿಗಳನ್ನೂ ಹೆಸರಿಸುತ್ತದೆ. ಕೈದಿಯು ಕಟ್ಟುಮಸ್ತಾದ ಆಳಾಗಿರಬಹುದು, ಬುದ್ಧಿವಂತನೂ ಆಗಿರಬಹುದು. ಆದರೆ ತನ್ನ ಮೇಲೆ ಅಧಿಕಾರವುಳ್ಳವರ ಎದುರು ‘ಒಲ್ಲೆ’ ಎನ್ನುವ ಸ್ವಾತಂತ್ರ್ಯ ಅವನಿಗೆ ಎಷ್ಟಿದ್ದೀತು? ಅವನನ್ನು ದುರ್ಬಲನೆಂದು ಬರೆದರೆ ದೋಷವೆಲ್ಲ ಅವನದೇ ಎಂಬಂತಾಗಿ, ಅವನ ಮೇಲಿರುವ ಒತ್ತಡ ವಾಕ್ಯದಿಂದಲೇ ಮರೆಯಾಗುತ್ತದೆ. ಅದು ಅವನಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ಇದಕ್ಕೆ ಪರಿಹಾರ ನಮ್ಮ ವ್ಯಾಕರಣದಲ್ಲೇ ಇದೆ. ಈಡಾಗು, ತುತ್ತಾಗು, ಒಳಗಾಗು ಎಂಬ ಕ್ರಿಯಾಪದಗಳು ಚತುರ್ಥಿ ವಿಭಕ್ತಿಯನ್ನು ಬೇಡುತ್ತವೆ, ಅಂದರೆ ‘ಯಾವುದಕ್ಕೆ?’ ಎಂದು ಕೇಳಿಯೇ ತೀರುತ್ತವೆ. ಸೋಂಕಿಗೆ ಬೇಗ ತುತ್ತಾಗುವ ನವಜಾತ ಶಿಶು, ಬಲವಂತಕ್ಕೆ ಒಳಗಾಗಬಹುದಾದ ಕೈದಿ, ವಂಚನೆಗೆ ಈಡಾಗಬಹುದಾದ ವೃದ್ಧೆ ಎಂದು ಬರೆದಾಗ ಅಪಾಯ ಯಾವುದೆಂಬುದು ಹೆಸರಿನೊಂದಿಗೆ ತಿಳಿಯುತ್ತದೆ. ಯಾವ ರಕ್ಷಣೆ ಬೇಕೆಂಬುದೂ ಅಲ್ಲೇ ಹೊಳೆಯುತ್ತದೆ. ಮೂಲದಲ್ಲಿ ಅಪಾಯವನ್ನು ಹೇಳಿರದಿದ್ದರೆ ನಾನು ಊಹಿಸಿ ತುಂಬುವುದಿಲ್ಲ, ಬರೆದವರನ್ನೇ ಕೇಳುತ್ತೇನೆ. ಕಂಪ್ಯೂಟರ್ ಕ್ಷೇತ್ರದಲ್ಲಿ ಇಷ್ಟು ಕಷ್ಟವಿಲ್ಲ; ಅಲ್ಲಿ ‘ಭದ್ರತಾ ಲೋಪ’ ಎಂದರೆ ಸಾಕು.

ಈಚೆಗೆ ಈ ಪದವನ್ನು ಆಪ್ತರ ಮುಂದೆ ಅಳುಕನ್ನೂ ನೋವನ್ನೂ ಮುಚ್ಚಿಡದೆ ಹೇಳಿಕೊಳ್ಳುವುದಕ್ಕೂ ಬಳಸುತ್ತಾರೆ. ಕೇಳಿದವರು ಅದನ್ನು ಆಡಿಕೊಳ್ಳಬಹುದು ಎಂದು ತಿಳಿದೂ ಹೇಳಿಕೊಳ್ಳುವ ಆ ನಡೆಗೆ ‘ದುರ್ಬಲ’ ಎಂಬ ಮಾತು ಒಪ್ಪುವುದೇ ಇಲ್ಲ. ‘ಮನಸ್ಸು ಬಿಚ್ಚಿಡುವುದು’ ಎಂದೇ ನಾನು ಬರೆಯುತ್ತೇನೆ.